ಹೊಲದ ಹುತ್ತಕ್ಕೆ ಜೆಸಿಬಿ ಹಾಯಿಸುವ ಮುನ್ನ

ಕಳೆದ ಮೇ ತಿಂಗಳಿನಲ್ಲಿ ಜಗಳೂರು ತಾಲ್ಲೂಕಿನ ನಮ್ಮ ಊರಿಗೆ ಹೋಗಿದ್ದಾಗ ಅಣ್ಣ ಹೊಲ ಸಮ ಮಾಡಿಸುತ್ತಿದ್ದ. ವರ್ಷವೂ ಮೆಕ್ಕೆಜೋಳ ಬಿತ್ತುತ್ತಿದ್ದ ನೆಲದಲ್ಲಿ ಅಡಿಕೆ ಸಸಿ ನೆಡಬೇಕೆಂಬುದು ಅವನ ಬಹುದಿನದ ಆಸೆ. ಹೊಲದಲ್ಲಿ ಎರಡು ಹುತ್ತಗಳಿದ್ದವು. ನಡುವೆ ಇದ್ದದ್ದು ನನ್ನ ಎದೆಮಟ್ಟದ್ದು, ಇನ್ನೊಂದು ಬದುವಿನ ಬೇವಿನ ಮರದ ಬುಡಕ್ಕೆ ಆತುಕೊಂಡು ಬೆಳೆದದ್ದು. ಜೆಸಿಬಿಯ ಬಕೆಟ್ಟು ನಡುವಿನ ಹುತ್ತಕ್ಕೆ ಬಡಿದು ಒಂದು ಮಗ್ಗುಲು ಕುಸಿದಾಗ, ಹತ್ತು ನಿಮಿಷ ನಿಲ್ಲಿಸುವಂತೆ ಚಾಲಕನನ್ನು ಕೇಳಿಕೊಂಡು ನಾನು ಅದರ ಮುಂದೆ ಮೊಣಕಾಲೂರಿ ಕುಳಿತೆ. ಹುಟ್ಟಿದಾಗಿನಿಂದ ಹುತ್ತಗಳ ನಡುವೆಯೇ ಬೆಳೆದವನಾದರೂ ಅದರ ಒಳಗನ್ನು ಕಂಡದ್ದು ಅಂದೇ ಮೊದಲು.

ಹೊರಗಿನ ಗೋಡೆ ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು. ಒಳಗೆ ಬೊಗಸೆಯಗಲದ ಗೂಡುಗಳಿದ್ದವು. ಒಂದೊಂದು ಗೂಡಿನಲ್ಲೂ ಸ್ಪಂಜಿನಂತೆ ತೂತುತೂತಾದ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಕಂದುಬಣ್ಣದ ಉಂಡೆ, ಅದರ ಮೈಮೇಲೆಲ್ಲ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಮಣಿಗಳು. ಹೊರಗೆ ನೆಲ ಕಾದ ಹಂಚಿನಂತಿದ್ದರೂ ಆ ಗೂಡಿನೊಳಗೆ ಕೈಯಿಟ್ಟಾಗ ಅಂಗೈಗೆ ತೇವ ತಾಗಿತು, ಅಣಬೆಯ ವಾಸನೆ ಬಂತು. ಅದು ಅಣಬೆಯೇ. ಗೆದ್ದಲು ಒಣಗಿದ ಕಡ್ಡಿ, ತರಗು, ಹುಲ್ಲನ್ನು ತಿಂದು ಬಂದು, ಅರ್ಧ ಜೀರ್ಣವಾದ ಹಿಕ್ಕೆಯಿಂದ ಆ ಉಂಡೆಯನ್ನು ಕಟ್ಟಿ, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸುತ್ತದೆ. ಕಟ್ಟಿಗೆಯ ಗಟ್ಟಿ ನಾರನ್ನು ಆ ಶಿಲೀಂಧ್ರ ಮೆತ್ತಗಾಗಿಸಿಕೊಟ್ಟ ಮೇಲೆಯೇ ಅದು ಗೆದ್ದಲಿಗೆ ಊಟವಾಗುವುದು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ನಾವು ಕಿತ್ತು ತಂದು ಸಾರು ಮಾಡಿಕೊಳ್ಳುವ ಅಣಬೆ ಇದೇ ತೋಟದ ಬೆಳೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷಗಳಾಗಿರಬಹುದು. ಗೆದ್ದಲು ಈ ಬೇಸಾಯವನ್ನು ಸುಮಾರು 3 ಕೋಟಿ ವರ್ಷಗಳಿಂದ ಮಾಡಿಕೊಂಡು ಬಂದಿದೆ. ನಾಲ್ಕು ತಲೆಮಾರಿನ ರೈತರ ಮನೆಯಲ್ಲಿ ಹುಟ್ಟಿದ ನನಗೆ ನಮ್ಮದೇ ಹೊಲದಲ್ಲಿ ನಮಗಿಂತ ಹಳೆಯ ಒಕ್ಕಲೊಂದು ಇದೆಯೆಂಬುದು ಅಷ್ಟು ವರ್ಷ ತಿಳಿದಿರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಗೆದ್ದಲನ್ನು ನಾವು ಬಿಳಿ ಇರುವೆ ಎನ್ನುತ್ತೇವೆ. ಆದರೆ ಅದಕ್ಕೂ ಇರುವೆಗೂ ರಕ್ತಸಂಬಂಧವೇ ಇಲ್ಲ. ಇರುವೆ ಕಣಜದ ಹುಳುವಿನ ಬಳಗ, ಗೆದ್ದಲು ಜಿರಲೆಯ ಬಳಗ. ಇರುವೆಯ ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣುಗಳೇ, ಗಂಡು ಒಮ್ಮೆ ಕೂಡಿದ ಮೇಲೆ ಸಾಯುತ್ತದೆ. ಗೆದ್ದಲಿನಲ್ಲಾದರೆ ಆಳುಗಳಲ್ಲಿ ಹೆಣ್ಣು ಗಂಡು ಎರಡೂ ಇರುತ್ತವೆ, ರಾಜನು ರಾಣಿಯ ಜೊತೆಯಲ್ಲಿಯೇ ಮಣ್ಣಿನ ಗಟ್ಟಿ ಕೋಣೆಯೊಳಗೆ ಬದುಕಿನುದ್ದಕ್ಕೂ ಇರುತ್ತಾನೆ. ರಾಣಿಯ ಹೊಟ್ಟೆ ಬೆರಳುದ್ದಕ್ಕೆ ಉಬ್ಬಿಕೊಂಡು ಅದಕ್ಕೆ ನಡೆದಾಡುವುದೂ ಕಷ್ಟವಾಗಿರುತ್ತದೆ. ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವ ಆ ತಾಯಿಗೆ ಉಣಿಸುವುದು, ಮೊಟ್ಟೆಗಳನ್ನು ಹೊತ್ತೊಯ್ಯುವುದು, ಗೋಡೆ ಕಟ್ಟುವುದು ಎಲ್ಲವೂ ಕಣ್ಣಿಲ್ಲದ ಆಳುಗಳ ಕೆಲಸ. ಎಂಜಲಿನಲ್ಲಿ ಮಣ್ಣು ಕಲಸಿ, ಸಣ್ಣ ಉಂಡೆ ಮಾಡಿ, ಒಂದರ ಮೇಲೊಂದಿಟ್ಟು ಅವು ಕಟ್ಟುವ ಮನೆಗೆ ಮೇಸ್ತ್ರಿಯಿಲ್ಲ, ನಕ್ಷೆಯಿಲ್ಲ.

ಆ ಮನೆ ಉಸಿರಾಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ಸೀಮೆಯಲ್ಲಿ ಕಾಣುವ ಏಣುಏಣಾದ ಎತ್ತರದ ಹುತ್ತಗಳನ್ನು ಕಟ್ಟುವ ಜಾತಿಯ ಮೇಲೆ ಬೆಂಗಳೂರಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಗಲಿನಲ್ಲಿ ಹುತ್ತದ ಹೊರಮೈಯ ಏಣುಗಳು ಬೇಗ ಕಾಯುವುದರಿಂದ ಅವುಗಳೊಳಗಿನ ಗಾಳಿ ಮೇಲೇರಿ ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣ್ಣಗಾಗಿ ಒಳಗು ಬೆಚ್ಚಗೆ ಉಳಿಯುವುದರಿಂದ ಗಾಳಿ ಅದೇ ದಾರಿಯಲ್ಲಿ ಹಿಮ್ಮುಖವಾಗಿ ತಿರುಗುತ್ತದೆ, ಹಗಲೆಲ್ಲ ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಆಗ ಹೊರಬೀಳುತ್ತದೆ. ಹಗಲು ಮತ್ತು ಇರುಳಿನ ಬಿಸಿ ತಂಪುಗಳ ವ್ಯತ್ಯಾಸವನ್ನೇ ಬಳಸಿಕೊಂಡು ದಿನಕ್ಕೊಮ್ಮೆ ಎಳೆದು ಬಿಡುವ ಉಸಿರು ಅದು. ಚಿತ್ರದುರ್ಗದ ಬಂಡೆಗಳು ಹಗಲು ಕಾದು ರಾತ್ರಿ ಆರುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಾವಿನ ಮಾತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂದು ನಮ್ಮ ಹಿರಿಯರು ಹೇಳುವುದು ಅಕ್ಷರಶಃ ನಿಜ, ಏಕೆಂದರೆ ನಾಗರಹಾವಿಗೆ ಮಣ್ಣು ತೋಡಿ ಮನೆ ಕಟ್ಟುವ ಅಂಗವೇ ಇಲ್ಲ. ಗೆದ್ದಲು ಬಿಟ್ಟುಹೋದ ಹುತ್ತದ ಬಿಲಗಳಲ್ಲಿ ಅದಕ್ಕೆ ತಂಪೂ ಸಿಗುತ್ತದೆ, ಇಲಿಯೂ ಸಿಗುತ್ತದೆ. ಆದರೆ ಅದು ಹಾಲು ಕುಡಿಯುವ ಪ್ರಾಣಿಯಲ್ಲ. ಹಾಲು ಅದರ ಆಹಾರವೂ ಅಲ್ಲ, ಅದನ್ನು ಅರಗಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಪಂಚಮಿಯ ದಿನ ಹುತ್ತಕ್ಕೆ ತನಿ ಎರೆಯುವ ಅವ್ವನ ಕೈಯನ್ನು ನಾನು ಎಂದೂ ತಡೆದಿಲ್ಲ, ಮುಂದೆಯೂ ತಡೆಯುವುದಿಲ್ಲ. ಎರಡು ಹನಿ ಎರೆದು ಉಳಿದದ್ದನ್ನು ಮಕ್ಕಳಿಗೆ ಕೊಡೋಣವೆಂದು ಕೇಳಿಕೊಂಡೆ, ಅವ್ವ ಒಪ್ಪಿದಳು.

ಕರಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಜಗಳೂರು, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಜನರಿಗೆ ಅದು ಕಥೆಯ ಪ್ರಾಣಿಯಲ್ಲ, ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸಲು ಹೋಗುವವನ ಎದೆ ನಡುಗಿಸುವ ಪ್ರಾಣಿ. ಆ ಕರಡಿಯ ಮುಖ್ಯ ಆಹಾರಗಳಲ್ಲೊಂದು ಗೆದ್ದಲು, ಅದರ ಇಡೀ ಮೂತಿ ಹುತ್ತಕ್ಕೆ ಹೊಂದಿಕೊಂಡೇ ರೂಪುಗೊಂಡಿದೆ. ಮೇಲ್ದವಡೆಯ ನಡುವಿನ ಎರಡು ಹಲ್ಲುಗಳು ಅದಕ್ಕಿಲ್ಲ. ಉದ್ದನೆಯ ಉಗುರುಗಳಿಂದ ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮೊದಲು ಜೋರಾಗಿ ಊದಿ ಮಣ್ಣು ಹಾರಿಸಿ, ಅನಂತರ ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ ಆ ಹಲ್ಲಿನ ಸಂದಿನಿಂದ ಗೆದ್ದಲನ್ನು ಹೀರುತ್ತದೆ. 1791ರಲ್ಲಿ ಇದಕ್ಕೆ ಮೊದಲು ಶಾಸ್ತ್ರೀಯ ಹೆಸರಿಟ್ಟ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿದ್ವಾಂಸ, ಉಗುರು ಮತ್ತು ಹಲ್ಲನ್ನು ನೋಡಿ ಇದನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಪ್ರಾಣಿಯ ಜಾತಿಗೇ ಸೇರಿಸಿಬಿಟ್ಟಿದ್ದ. ಇಂಗ್ಲಿಷಿನಲ್ಲಿ ಇಂದಿಗೂ ಸ್ಲಾತ್ ಬೇರ್ ಎಂಬ ಹೆಸರೇ ಉಳಿದಿದೆ. ತಾಯಿ ಮರಿಗಳನ್ನು ಬೆನ್ನ ಮೇಲಿನ ಜೂಲಿನಲ್ಲಿ ಕೂರಿಸಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾಳೆ. ಹುತ್ತ ಬಗೆದು ಸದ್ದು ಮಾಡುತ್ತಾ ಹೀರುವುದರಲ್ಲಿ ಮುಳುಗಿರುವ ಕರಡಿಗೆ ಮನುಷ್ಯ ತೀರಾ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ, ಗೊತ್ತಾದ ಕೂಡಲೇ ಹೆದರಿ ಮೈಮೇಲೆ ಬೀಳುತ್ತದೆ. ಆದ್ದರಿಂದ ನಸುಕಿನಲ್ಲಿ ಹೋಗುವವರು ಇಬ್ಬರು ಮೂವರು ಸೇರಿ, ಗಟ್ಟಿಯಾಗಿ ಮಾತನಾಡುತ್ತಾ ಹೋಗುವುದು ಒಳ್ಳೆಯದು. ಆಡುಮಲ್ಲೇಶ್ವರದ ಕಿರು ಮೃಗಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಾದರೂ ಕರಡಿಯ ಹಲ್ಲಿನ ಈ ಸಂಗತಿಯನ್ನು ಹೇಳಬೇಕೆಂಬುದು ನನ್ನ ಕೋರಿಕೆ.

ಹುತ್ತವನ್ನು ನೆಚ್ಚಿದ ಇನ್ನೂ ಕೆಲವು ಪ್ರಾಣಿಗಳಿವೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ನುಂಗಿದ ಗೆದ್ದಲು ಇರುವೆಗಳನ್ನು ಹೊಟ್ಟೆಯೊಳಗಿನ ಮರಳು ಕಲ್ಲುಗಳೇ ಅರೆಯುತ್ತವೆ. ಅದರ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು, ಅದರಲ್ಲಿ ಔಷಧವೇನೂ ಇಲ್ಲ. ಆದರೂ ಅದೇ ಚಿಪ್ಪಿಗಾಗಿ ಎಷ್ಟು ಕೊಲ್ಲುತ್ತಾರೆಂದರೆ 2016ರಲ್ಲಿ ದೇಶದೇಶಗಳು ಸೇರಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲು ತೀರ್ಮಾನಿಸಬೇಕಾಯಿತು. ಉಡ ಕೆಲವೊಮ್ಮೆ ಹುತ್ತದೊಳಗೇ ಮೊಟ್ಟೆಯಿಡುತ್ತದೆ. ಸಡಿಲ ಮಣ್ಣಿನಲ್ಲಿ ಹುದುಗಿರುವ ಎರಡು ತಲೆ ಹಾವಿಗೆ ಇರುವುದು ಒಂದೇ ತಲೆ. ಹೆದರಿದಾಗ ತಲೆಯನ್ನು ಮೈಯೊಳಗೆ ಬಚ್ಚಿಟ್ಟು, ಮೊಂಡಾದ ಬಾಲವನ್ನು ತಲೆಯಂತೆ ತೋರಿಸುವ ವಿಷವಿಲ್ಲದ ಸಾಧು ಜೀವಿಯದು. ಅದನ್ನು ಮನೆಯಲ್ಲಿಟ್ಟರೆ ಹಣ ಬರುತ್ತದೆಂದು ನಂಬಿಸಿ ಮಾರುವವರ ಮಾತಿಗೆ ದಯವಿಟ್ಟು ಯಾರೂ ಮರುಳಾಗಬಾರದು.

ಅಣ್ಣನ ತಕರಾರು ಬೇರೆ. ಬಾಗಿಲ ಚೌಕಟ್ಟು ತಿನ್ನುವ, ತೆಂಗಿನ ಸಸಿ ಕೆಡಿಸುವ ಹುಳುವನ್ನು ಹೊಲದಲ್ಲಿ ಸಾಕಬೇಕೇ ಎಂದು ಅವನು ಕೇಳಿದ. ನಷ್ಟವಾಗುವುದು ನಿಜ. ಆದರೆ ಗೆದ್ದಲಿಗೆ ಬೇಕಾದದ್ದು ಒಣಗಿ ಸತ್ತದ್ದು; ಕಸಕಡ್ಡಿ, ಜೋಳದ ದಂಟು ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿಯಿಟ್ಟು ನೆಲವನ್ನು ಬೋಳು ಮಾಡಿದರೆ ಅದು ಹಸಿ ಬೇರಿಗೆ ಬಾಯಿ ಹಾಕುತ್ತದೆ. ಆಸ್ಟ್ರೇಲಿಯಾದ ಒಣಬೇಸಾಯದ ಗೋಧಿ ಹೊಲಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇರುವೆ ಮತ್ತು ಗೆದ್ದಲುಗಳನ್ನು ಉಳಿಸಿಕೊಂಡ ತಾಕುಗಳ ಇಳುವರಿ ಶೇ 36ರಷ್ಟು ಹೆಚ್ಚಿತ್ತು. ಅವು ಕೊರೆದ ಬಿಲಗಳಲ್ಲಿ ಮಳೆನೀರು ಇಂಗಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಬಿದ್ದ ಮಳೆಯ ಒಂದೊಂದು ಹನಿಯನ್ನೂ ಲೆಕ್ಕ ಹಾಕಬೇಕಾದ ನಮ್ಮ ಬರದ ತಾಲ್ಲೂಕುಗಳಿಗೆ ಇದು ದೊಡ್ಡ ಮಾತು. ನಾನು ಕೇಳುವುದು ಇಷ್ಟೇ: ಮನೆಯ ಗೋಡೆಗೆ ಹತ್ತಿದ ಗೆದ್ದಲಿಗೆ ಔಷಧ ಹೊಡೆಯಿರಿ, ಹೊಲದ ಬದುವಿನಲ್ಲಿರುವ ಹುತ್ತವನ್ನು ಬಿಟ್ಟುಬಿಡಿ.

ನಡುವಿನ ಹುತ್ತವನ್ನು ಉಳಿಸಿಕೊಳ್ಳಲಾಗಲಿಲ್ಲ. ಬದುವಿನ ಹುತ್ತದ ಹತ್ತಿರ ಬಂದಾಗ ಚಾಲಕನೇ ಗಾಡಿ ನಿಲ್ಲಿಸಿ ಕೆಳಗಿಳಿದ, ಚಪ್ಪಲಿ ಬಿಟ್ಟು ಕೈಮುಗಿದು, "ಇದ್ನ ಮುಟ್ಟೋದು ಬ್ಯಾಡಣ್ಣ, ನಾಗಪ್ಪ ಇರ್ತಾನೆ" ಎಂದ. ಅಣ್ಣ ನನ್ನ ಮುಖ ನೋಡಿ, ಬದುವನ್ನು ಎರಡು ಮಾರು ಒಳಕ್ಕೆ ಹಾಕಿಸಿದ.

ಜೂನ್ ಮೊದಲ ವಾರ ಹದವಾದ ಮಳೆ ಬಿದ್ದ ಸಂಜೆ ನಾನು ಊರಿನಲ್ಲಿಯೇ ಇದ್ದೆ. ಬೇವಿನ ಬುಡದ ಹುತ್ತದ ಬಾಯಿಗಳಿಂದ ರೆಕ್ಕೆ ಮೂಡಿದ ಗೆದ್ದಲುಗಳು, ನಾವು ಈಸಲು ಹುಳು ಎನ್ನುವವು, ಹೊಗೆಯಂತೆ ಮೇಲೆದ್ದವು. ಕಾಜಾಣಗಳೂ ಕಾಗೆಗಳೂ ಗಾಳಿಯಲ್ಲೇ ಹಿಡಿದವು, ನೆಲಕ್ಕೆ ಬಿದ್ದವನ್ನು ಕಪ್ಪೆಗಳು ನೆಕ್ಕಿಕೊಂಡವು, ಬದುವಿನ ಕಲ್ಲುಗಳ ನಡುವಿನಿಂದ ಒಂದು ಮುಂಗುಸಿ ಇಣುಕಿತು. ಕತ್ತಲಾದ ಮೇಲೆ ಮನೆಯ ದೀಪಕ್ಕೆ ಬಂದು ರೆಕ್ಕೆ ಕಳಚಿಕೊಂಡ ಎರಡು ಹುಳುಗಳು ಒಂದರ ಹಿಂದೊಂದು ಜಗಲಿಯ ಅಂಚಿನಲ್ಲಿ ಹರಿದು, ತುಳಸಿಕಟ್ಟೆಯ ಹಸಿಮಣ್ಣಿನ ಬಿರುಕಿನೊಳಗೆ ಇಳಿದುಹೋದವು.