ಅಡಿಕೆ ಕತ್ತರಿಗೆ ಪ್ರವೇಶವಿಲ್ಲ

ನಮ್ಮ ಪಕ್ಕದ ತೋಟದ ಅಜ್ಜನಿಗೆ ಕೋವಿಯ ವಿನಾಯಿತಿ ಪತ್ರ ಬೇಕಿತ್ತು. ಕೊಡಗಿನಲ್ಲಿ ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರು ಶುರು ಮಾಡಿದ ವಿನಾಯಿತಿ. ಈಗ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಲೈಸೆನ್ಸ್ ಬೇಡ ಅನ್ನುವುದಕ್ಕೂ ಒಂದು ಕಾಗದ ಬೇಕಲ್ವಾ? ಅದಕ್ಕೇ ಜೋರು ಮಳೆಯಲ್ಲಿ ಒಂದು ಸರ್ಕಾರಿ ಕಚೇರಿಗೆ ಹೋದೆವು.

ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಬಾಗಿಲು. ಕರೆಂಟ್ ಇರಲಿಲ್ಲ. ಗಾರ್ಡ್ ಅದಕ್ಕೆ ತನ್ನ ರೈನ್‌ಕೋಟ್ ನೇತುಹಾಕಿ ಒಣಗಿಸುತ್ತಿದ್ದ. ಅಜ್ಜನ ಜೇಬು ತಡವಿದವನಿಗೆ ಅಡಿಕೆ ಕತ್ತರಿ ಸಿಕ್ಕಿತು.

"ಇದು ಆಯುಧ ಅಜ್ಜ. ಒಳಗೆ ಬಿಡಲ್ಲ."

ಅಜ್ಜ ಹುಟ್ಟಿದಾಗ ಮನೆಯಂಗಳದಲ್ಲಿ ಗುಂಡು ಹಾರಿಸಿದ್ದರು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಪ್ರತಿ ಸಲವೂ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಕೈಮುಗಿಯುವ ಮನುಷ್ಯ. ಮೆಲ್ಲಗೆ ಕೇಳಿದರು, "ಕೋವಿ ತಂದಿದ್ರೆ ಬಿಡ್ತಿದ್ಯಾ ಮಗಾ?"

"ಅದಕ್ಕಾದ್ರೆ ವಿನಾಯಿತಿ ಪತ್ರ ಇರುತ್ತೆ. ಇದಕ್ಕೆ ಏನಿದೆ?"

ಕತ್ತರಿ ಅವನ ಮೇಜಿನ ಮೇಲೆ ಕೂತಿತು. ಆಮೇಲೆ ರಿಜಿಸ್ಟರ್. ದಾರಕ್ಕೆ ಕಟ್ಟಿದ ಪೆನ್ನು. ಬೆಳಿಗ್ಗೆ ಮೊದಲು ಬಂದವನು ಮಾತ್ರ ಹೆಸರು ಬರೆದಿದ್ದ. ಉಳಿದವರೆಲ್ಲ ಕೆಳಗೆ ಡಿಟ್ಟೋ ಹಾಕಿದ್ದರು, ಹೆಸರಿಗೂ ಸೇರಿಸಿ! ನಾವೂ ಹಾಕಿದೆವು. ಭದ್ರತೆ ಪೂರ್ತಿಯಾಯಿತು.

ಒಳಗೆ ಗುಮಾಸ್ತರು ಇನ್ನೊಂದು ಜೆರಾಕ್ಸ್ ಕೇಳಿದರು. "ಮುಂದೆ ಹೋಗ್ಬೇಡಿ, ಸುತ್ತು ಜಾಸ್ತಿ. ಹಿಂದಿನಿಂದ ಹೋಗಿ" ಎಂದು ದಾರಿಯನ್ನೂ ತೋರಿಸಿದರು. ಹಿಂದೆ ಹೋಗಿ ನೋಡಿದರೆ ಕಾಂಪೌಂಡೇ ಇಲ್ಲ. ಹೋದ ಮಳೆಗಾಲದಲ್ಲಿ ಬರೆ, ಅಂದರೆ ಗುಡ್ಡದ ಮಗ್ಗುಲು, ಕುಸಿದಾಗ ಗೋಡೆಯೂ ಜೊತೆಗೆ ಹೋಗಿದೆ. ಮಣ್ಣಿನ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಪಕ್ಕದಲ್ಲಿ ಹತ್ತಲು ಮೆಟ್ಟಿಲು ಕಡಿದಿದ್ದಾರೆ. ಮೆಟ್ಟಿಲು ಮಾತ್ರ ಅಚ್ಚುಕಟ್ಟು. ಅದರಲ್ಲೇ ಟೀ ಹುಡುಗ ಬರುತ್ತಿದ್ದ, ಸಿಬ್ಬಂದಿ ಬರುತ್ತಿದ್ದರು, ಒಂದು ಹಸುವೂ ಬಂತು. ಟೀ ಹುಡುಗನ ಕೈಯಲ್ಲಿ ತೆಂಗಿನಕಾಯಿ ಸುಲಿಯುವ ಕತ್ತಿ ಇತ್ತು. ಯಾರೂ ಏನೂ ಕೇಳಲಿಲ್ಲ.

ಕರೆಂಟಿಲ್ಲದೆ ಜೆರಾಕ್ಸ್ ಅಂಗಡಿಯೂ ಮುಚ್ಚಿತ್ತು. ಇನ್ನೇನು, ನಾಳೆ ಬಂದರಾಯಿತು ಎಂದು ಹೊರಟೆವು. ಬಸ್ ಸ್ಟ್ಯಾಂಡ್ ಹತ್ತಿರ ಅಜ್ಜನಿಗೆ ಕತ್ತರಿ ನೆನಪಾಯಿತು. ವಾಪಸ್ ಗೇಟಿಗೆ ಬಂದರೆ ಗಾರ್ಡ್ ಅದರಲ್ಲೇ ಅಡಿಕೆ ಕತ್ತರಿಸುತ್ತಿದ್ದ. ನಮ್ಮನ್ನು ನೋಡಿ ಗಾಬರಿಯಾದ.

"ನೀವು ಒಳಗಿದ್ದೀರಲ್ಲ! ಹೊರಗೆ ಹೋದ ಸೈನ್ ಇಲ್ಲ. ಒಳಗಿಂದ ಬನ್ನಿ ಸಾರ್, ಸೈನ್ ಹಾಕಿ, ಕೊಡ್ತೀನಿ."

"ಸರಿ, ಒಳಗೆ ಬಿಡು."

"ಒಳಗಿರೋರನ್ನ ಮತ್ತೆ ಹೇಗೆ ಬಿಡ್ಲಿ?"

ಅಜ್ಜ ಪಂಚೆ ಎತ್ತಿ ಕಟ್ಟಿದರು. ಹಿಂದಿನ ಬರೆ ಹತ್ತಲು ಹೊರಟೆವು.