ಉಡುಪಿಯ ಯಾಕ್‌ಗೆ ಪರಿಹಾರ ಉಂಟು

ಉಡುಪಿ ಜಿಲ್ಲೆಯಲ್ಲಿ ಯಾರಾದರೂ ಯಾಕ್, ಅದೇ ಹಿಮಾಲಯದ ಚಳಿಯಲ್ಲಿರುವ ಉದ್ದ ಕೂದಲಿನ ದನ, ಸಾಕಿದ್ದರೆ ಈ ಮಳೆಗಾಲದಲ್ಲಿ ಆರಾಮಾಗಿ ನಿದ್ದೆ ಮಾಡಬಹುದು. ಗಾಳಿಮಳೆಗೆ ಹಾಲು ಕೊಡುವ ಯಾಕ್ ಸತ್ತರೆ 37,500 ರೂಪಾಯಿ ಪರಿಹಾರ ಉಂಟು. ವಿಪತ್ತು ಪರಿಹಾರಕ್ಕೆ ಕೇಂದ್ರ 2022ರಲ್ಲಿ ಪರಿಷ್ಕರಿಸಿದ ಪಟ್ಟಿ ನೋಡಿ. ಹಸು, ಎಮ್ಮೆಯ ಸಾಲಿನಲ್ಲೇ ಒಂಟೆ, ಯಾಕ್, ಮಿಥುನ್ ನಿಂತಿವೆ. ಒಂಟೆಯನ್ನು ಬೀಚಿನಲ್ಲಾದರೂ ಕಂಡಿದ್ದೇವೆ. ಮಿಥುನ್ ಅಂದರೆ ಸಿನಿಮಾದವನಲ್ಲ ಮಾರಾಯ್ರೆ, ಅರುಣಾಚಲದ ಕಡೆಯ ದನ, ನಮ್ಮ ಕಾಡುಕೋಣಕ್ಕೆ ನೆಂಟ. ಕತ್ತೆಗೆ 20,000, ಹಂದಿಗೆ 4,000, ಕೋಳಿಗೂ ತಲೆಗೆ 100 ರೂಪಾಯಿ.

ನಾಯಿ ಇಲ್ಲ. ಬೆಕ್ಕೂ ಇಲ್ಲ.

ಇದು ಗೊತ್ತಾಗಿದ್ದು ಇಲ್ಲೇ ಹತ್ತಿರದ ಒಂದು ನಾಯಿ ಶೆಲ್ಟರ್‌ನ ಮಾಡು ಹಾರಿದ ಮೇಲೆ. ರಾತ್ರಿ ಬೀಸಿದ ಗಾಳಿಗೆ ಶೀಟುಗಳು ಹುಕ್ ಸಮೇತ ಕಿತ್ತು ಪಕ್ಕದವರ ಅಡಿಕೆ ತೋಟಕ್ಕೆ ಬಿದ್ದವು. ನಾಯಿಗಳೆಲ್ಲ ಬದುಕಿದವು, ಅದೇ ದೊಡ್ಡ ತಪ್ಪಾಯಿತೋ ಏನೋ. ನಡೆಸುವ ಅಕ್ಕ ಅರ್ಜಿ ಹಿಡಿದು ಕಚೇರಿಗೆ ಹೋದರು.

"ಹಟ್ಟಿಯಾ ಅಕ್ಕ?"

"ಅಲ್ಲ, ನಾಯಿಗಳದ್ದು."

"ಮನೆಗೆ ಹೊಂದಿಕೊಂಡ ಹಟ್ಟಿ ಆದ್ರೆ 3,000 ಬರ್ತದೆ. ಒಂದಾದ್ರೂ ದನ ಇಲ್ವಾ? ಸುಮ್ನೆ ಒಂದು ಕಟ್ಟಿ ಹಾಕಿದ್ರೆ ಆಗ್ತಿತ್ತು."

ಪಾಪ, ಆ ಮನುಷ್ಯನದ್ದೇನೂ ತಪ್ಪಿಲ್ಲ. ಫಾರಂನಲ್ಲಿ ಕಾಲಂ ಇಲ್ಲದ ಪ್ರಾಣಿಗೆ ಅವರಾದರೂ ಏನು ಮಾಡಬೇಕು? ತಮಾಷೆ ಏನೆಂದರೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಬೀದಿನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ನಾಯಿ ಹಿಡಿಯುವಾಗ ಶೆಲ್ಟರ್ ಎಲ್ಲರಿಗೂ ಕಾಣುತ್ತದೆ, ಮಾಡು ಹಾರಿದಾಗ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಕಾರ ಬಿಡಿ, ಊರಿನವರು ಬಂದರು. ಬಿಸ್ಕತ್ತಿನ ಪೆಟ್ಟಿಗೆ ಹೊತ್ತುಕೊಂಡೇ ಬಂದರು. ಸಿಹಿ ಬಿಸ್ಕತ್ತು ಜಾಸ್ತಿ ತಿಂದು ನಾಯಿಗಳ ಹೊಟ್ಟೆ ಕೆಟ್ಟಿತು, ಒದ್ದೆ ನೆಲ, ತಲೆ ಮೇಲೆ ಮಾಡು ಇಲ್ಲ, ಗುಡಿಸಲು ಇದ್ದದ್ದು ಇಬ್ಬರೇ. ಅಕ್ಕ ಕೇಳಿದ್ದು ಶೀಟು, ಒಬ್ಬ ವೆಲ್ಡರ್, ಇಲಿಜ್ವರದ ಲಸಿಕೆ, ಬ್ಲೀಚಿಂಗ್ ಪೌಡರ್. ಇದರಲ್ಲಿ ಯಾವುದನ್ನೂ ಎತ್ತಿ ಹಿಡಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ ಅಲ್ವಾ? ನಾಯಿಮರಿ ಎತ್ತಿದರೆ ಬರುತ್ತದೆ. ಒಂದೇ ಮರಿ, ಬಿಳಿ ಬಣ್ಣದ್ದು, ಎಲ್ಲರ ಕೈಯಲ್ಲೂ ಅದೇ. ಕಜ್ಜಿ ಹಿಡಿದ ಮುದಿ ಕರಿಯನ ಹತ್ತಿರ ಒಬ್ಬರೂ ಹೋಗಲಿಲ್ಲ.

ಒಂದು ತಂಡ ಮಾತ್ರ ನಿಜವಾಗಿ ಉಪಕಾರ ಮಾಡಿತು, ಅವರಿಗೇ ಗೊತ್ತಿಲ್ಲದೆ. "ಮೂಕಪ್ರಾಣಿಗಳ ಆಶಾಕಿರಣ" ಎಂದು ತಮ್ಮ ಮುಖಂಡರ ಆಳೆತ್ತರದ ಫೋಟೋ ಹಾಕಿದ ಫ್ಲೆಕ್ಸ್ ಕಟ್ಟಿ ಹೋದರು. ಅಕ್ಕ ಅದೇ ಸಂಜೆ ಅದನ್ನು ಬಿಚ್ಚಿ, ಮರಿಗಳ ಗೂಡಿನ ಮೇಲೆ ಎಳೆದು ಕಟ್ಟಿದರು. ಒಂದು ಹನಿ ಸೋರಲಿಲ್ಲ.

ಮರುದಿನ ಫೋನ್ ಬಂತು. ಮುಖಂಡರ ಮುಖ ಒಳಗಡೆ ಹೋಗಿದೆಯಂತೆ, ದಯವಿಟ್ಟು ತಿರುಗಿಸಿ ಕಟ್ಟಿ ಎಂದರು. ಹೊಸದು ಬೇಕಾದರೆ ಅದನ್ನೂ ಕಳಿಸುತ್ತೇವೆ ಎಂದರು.

ಅಕ್ಕ ಕೂಡಲೇ ಟೇಪ್ ಹಿಡಿದು ಅಳತೆ ತೆಗೆದು ಕೊಟ್ಟಿದ್ದಾರೆ. ಇಪ್ಪತ್ತಕ್ಕೆ ಹದಿನೈದು, ನಾಲ್ಕೂ ಬದಿಗೆ ಹಗ್ಗ ಕಟ್ಟಲು ರಿಂಗ್ ಬೇಕು, ಫೋಟೋ ಯಾರದ್ದಾದರೂ ಅಡ್ಡಿಯಿಲ್ಲ.