ಬೀಜಕ್ಕೂ ಪಾನಕ

ವಿಶ್ವವಿದ್ಯಾಲಯಗಳಿಂದ ಜನರಿಗೆ ಏನು ಉಪಯೋಗ ಎಂದು ಲೇಖನದಲ್ಲಿ ಕೇಳಿದ್ದೀರಿ. ನಮ್ಮದು ಚಿಂತಾಮಣಿ ಕಡೆ. ನಾವು ಬಿತ್ತುವ ಜಿಪಿಯು-28 ರಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಬೆಂಕಿ ರೋಗ ತಡೆದುಕೊಳ್ಳುವ ತಳಿ. ಈ ರೋಗ ಜಾಸ್ತಿಯಾದರೆ ತೆನೆಯ ಕುತ್ತಿಗೆ ಕಪ್ಪಾಗಿ ಮುರಿಯುತ್ತದೆ, ಕೈಗೆ ಸಿಗುವುದು ಬರೀ ಜೊಳ್ಳು. ಅದು ತಪ್ಪಿದ್ದು ಸುಮ್ನೆ ಮಾತಲ್ಲ.

ಕೊನೆ ವರ್ಷದ ಕೃಷಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲೇ ಉಳಿಯುತ್ತಾರಲ್ಲ, ಹಾಗೆ ನಮ್ಮೂರಿಗೂ ಬಂದಿದ್ದರು. ಒಬ್ಬ ಹುಡುಗಿ ಬೆಲ್ಲದ ನೀರಿಗೆ ಅಜೋಸ್ಪಿರಿಲಂ ಅನ್ನೋ ಜೈವಿಕ ಗೊಬ್ಬರದ ಪುಡಿ ಕಲಸಿ, ರಾಗಿ ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ ತೋರಿಸಿದಳು. "ಬೀಜಕ್ಕೂ ಪಾನಕಾನಾ?" ಎಂದು ಅಜ್ಜಿ ನಕ್ಕರು. ಈಗ ಬಿತ್ತನೆ ಬಂದರೆ ಬೆಲ್ಲ ಕುಟ್ಟುವವರು ಅವರೇ!

ಅಂದಹಾಗೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ. ಅದರ ಬಗ್ಗೆ ಒಂದು ಸಾಲಾದರೂ ಬರೆಯಬಹುದಿತ್ತು, ಅಲ್ವಾ?